ಜೆಲ್‌ಗಿಂತ ಮೊದಲು ಕಾಲಿನ ರಕ್ತ ಸಂಚಾರ ನೋಡಿ

ಸಕ್ಕರೆ ಕಾಯಿಲೆಯವರ ಕಾಲುಹುಣ್ಣಿಗೆ ಬೆಳವಣಿಗೆ ಅಂಶಗಳ (ಗಾಯ ಮಾಯಿಸಲು ದೇಹವೇ ಬಿಡುವ ಪ್ರೋಟೀನ್‌ಗಳ) ಜೆಲ್ ಹಚ್ಚಿದರೆ ಸಾಕು ಎನ್ನುವಂಥ ಲೇಖನವೊಂದನ್ನು ಓದಿದೆ. ಅಷ್ಟು ಸುಲಭವಲ್ಲ. ಗಾಯವಾದ ಕೂಡಲೇ ರಕ್ತದ ಪ್ಲೇಟ್‌ಲೆಟ್‌ಗಳು ಬಿಡುವ ಪಿಡಿಜಿಎಫ್ ಎಂಬ ಬೆಳವಣಿಗೆ ಅಂಶ, ಚರ್ಮ ಕಟ್ಟುವ ಕೋಶಗಳನ್ನು ಅಲ್ಲಿಗೆ ಕರೆತರುತ್ತದೆ. ವಿಇಜಿಎಫ್ ಎಂಬ ಇನ್ನೊಂದು ಅಂಶ ಹೊಸ ರಕ್ತನಾಳ ಚಿಗುರಿಸುತ್ತದೆ. ಆದರೆ ಮಾಯದ ಹಳೇ ಹುಣ್ಣಿನಲ್ಲಿ ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳು ಹೆಚ್ಚಿ ಈ ಅಂಶಗಳನ್ನೇ ತುಂಡರಿಸುತ್ತವೆ. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಪಿಡಿಜಿಎಫ್ ಇರುವ ಬೆಕಾಪ್ಲರ್ಮಿನ್ ಜೆಲ್ ಕೂಡ ರಕ್ತ ಸಂಚಾರ ಸಾಕಷ್ಟಿರುವ ಕಾಲಿಗಷ್ಟೇ. ಲೇಖನದಲ್ಲಿ ಅದನ್ನು ಬರೆಯಲೇಬೇಕಿತ್ತು.

ಕುಮಟೆಯಲ್ಲಿ ನಮ್ಮ ಅಪ್ಪ ಬರಿಗಾಲಲ್ಲಿ ಗಜನಿಗೆ (ಉಪ್ಪುನೀರಿನ ಗದ್ದೆಗೆ) ಇಳಿದಾಗ ಬಳಚಿನ ಚಿಪ್ಪು ಚುಚ್ಚಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನವೇ ಹೋಗಿದ್ದರಿಂದ ನಾಲ್ಕು ದಿನ ಗೊತ್ತೇ ಆಗಲಿಲ್ಲ. ಸತ್ತ ಚರ್ಮ ತೆಗೆಸಿ, ಸಕ್ಕರೆ ಹತೋಟಿಗೆ ತಂದು, ಆ ಕಾಲಿಗೆ ಭಾರ ಬೀಳದಂತೆ ಕೂಡ್ರಿಸಿದ ಮೇಲೆಯೇ ಗಾಯ ಮಾಯಲು ಶುರುವಾಗಿದ್ದು. ನಮ್ಮ ಕರಾವಳಿಯವರೇ, ದಯವಿಟ್ಟು ಮಲಗುವ ಮುನ್ನ ಮನೆಯ ಹಿರಿಯರ ಅಂಗಾಲು ಒಮ್ಮೆ ನೋಡಿ.