ಗೆದ್ದರೆ ಮಾತ್ರ ವಯಸ್ಸು ಕೇಳಿ

ಇಂಗ್ಲೆಂಡಿನ ಎಪ್ಸಮ್ ಡರ್ಬಿ 1780ರಿಂದಲೂ ಮೂರು ವರ್ಷದ ಕುದುರೆಗಳ ಪಂದ್ಯ. ನಾಲ್ಕು ತುಂಬಿದ್ದಕ್ಕೆ ಪ್ರವೇಶವಿಲ್ಲ. 1844ರಲ್ಲಿ ಈ ನಿಯಮ ಕಾಪಾಡಲು ಅಲ್ಲಿನ ಸ್ಟೀವರ್ಡುಗಳು, ಅಂದರೆ ಪಂದ್ಯದ ಮೇಲ್ವಿಚಾರಕರು, ಹೂಡಿದ ಉಪಾಯ ನಮ್ಮ ಯಾವ ಸರ್ಕಾರಿ ಕಚೇರಿಗೂ ಹೊಳೆದಿರಲಾರದು.

ರನ್ನಿಂಗ್ ರೈನ್ ಎಂಬ ಕುದುರೆಯ ವಯಸ್ಸಿನ ಬಗ್ಗೆ ಹಿಂದಿನ ವರ್ಷ ನ್ಯೂಮಾರ್ಕೆಟ್‌ನಲ್ಲೇ ತಕರಾರು ಎದ್ದಿತ್ತು. ಡರ್ಬಿಗೆ ಮುನ್ನ ಮತ್ತೆ ದೂರು. ಬಾಯಿ ಬಿಡಿಸಿದ್ದರೆ ಐದು ನಿಮಿಷದ ಕೆಲಸ. ಕುದುರೆಗೆ ಮೇಲೆ ಆರು, ಕೆಳಗೆ ಆರು ಬಾಚಿಹಲ್ಲು. ಎರಡೂವರೆ ವರ್ಷಕ್ಕೆ ನಡುವಿನ ಜೋಡಿ, ಮೂರೂವರೆಗೆ ಪಕ್ಕದವು, ನಾಲ್ಕೂವರೆಗೆ ಮೂಲೆಯವು ಬಿದ್ದು ಹೊಸವು ಬರುತ್ತವೆ. ಹಾಗಾಗಿ ಮೇ ತಿಂಗಳಲ್ಲಿ ಮೂರರ ಕುದುರೆಗೆ ಕಾಯಂ ಹಲ್ಲು ನಾಲ್ಕು, ನಾಲ್ಕರದ್ದಕ್ಕೆ ಎಂಟು. ಎಂಟರವರೆಗೆ ಎಣಿಸಲು ಲಾರ್ಡ್ ಪದವಿಯೇನೂ ಬೇಕಿಲ್ಲ.

ಸ್ಟೀವರ್ಡುಗಳ ತೀರ್ಮಾನ: ಓಡಲಿ, ಗೆದ್ದರೆ ವಿಚಾರಿಸೋಣ. ಸೋತಿದ್ದರೆ ಅದರ ವಯಸ್ಸು ಮೂರೇ! ದುರದೃಷ್ಟ, ಗೆದ್ದೇಬಿಟ್ಟಿತು.

ಎರಡನೆಯದಾಗಿ ಬಂದ ಓರ್ಲಾಂಡೋದ ಒಡೆಯ ಕರ್ನಲ್ ಪೀಲ್, ಅಂದಿನ ಪ್ರಧಾನಿಯ ತಮ್ಮ. ಗೆದ್ದ ಕುದುರೆ ಕಾಗದದ ಮೇಲೆ ವುಡ್ ಎಂಬ ಧಾನ್ಯದ ವ್ಯಾಪಾರಿಯದ್ದು. ವ್ಯಾಜ್ಯ ಕೋರ್ಟಿಗೇರಿತು. ನ್ಯಾಯಾಧೀಶ ಆಲ್ಡರ್ಸನ್ ಕೇಳಿದ್ದು ಒಂದೇ: ಕುದುರೆ ತನ್ನಿ. ಕುದುರೆ ನಾಪತ್ತೆ. ವುಡ್ ದಾವೆ ಕೈಬಿಟ್ಟ, ಗೆಲುವು ಓರ್ಲಾಂಡೋ ಪಾಲಾಯಿತು. ರನ್ನಿಂಗ್ ರೈನ್ ಹೆಸರಿನಲ್ಲಿ ಓಡಿದ್ದು ಮಕಾಬಿಯಸ್ ಎಂಬ ನಾಲ್ಕರ ಕುದುರೆ. ಗುಡ್‌ಮನ್ ಎಂಬ ಜೂಜುಕೋರನ ಕೈಚಳಕ. ಅದೇ ಪಂದ್ಯದಲ್ಲಿ ಕಾಲು ಮುರಿದು ಗುಂಡೇಟಿಗೆ ಸತ್ತ ಲಿಯಾಂಡರ್‌ನ ದವಡೆಯನ್ನು ಆಮೇಲೆ ಪರೀಕ್ಷಿಸಿದರೆ ಅದಕ್ಕೂ ವಯಸ್ಸು ಮೀರಿತ್ತು. ಅಂತೂ ಹಲ್ಲು ನೋಡಿಸಿಕೊಳ್ಳಲು ಸಾಯಬೇಕಾಯಿತು.

ಈಗ ಮೈಕ್ರೋಚಿಪ್ಪು, ಡಿಎನ್‌ಎ ಎಲ್ಲ ಉಂಟು. ಆದರೂ ಸುಳ್ಳು ವಯಸ್ಸು ತಪ್ಪಿಲ್ಲ, ಅದನ್ನು ನಿಯಮವೇ ದಯಪಾಲಿಸುತ್ತದೆ. ಹೆಡ್‌ಮಾಸ್ತರರು ಊರ ಮಕ್ಕಳಿಗೆಲ್ಲ ಜೂನ್ 1 ಬರೆದಂತೆ, ಅಲ್ಲಿನ ರೇಸ್ ತಳಿಯಾದ ಥರೋಬ್ರೆಡ್‌ಗಳಿಗೆಲ್ಲ ಜನವರಿ 1 ಹುಟ್ಟುಹಬ್ಬ. ಮೇ ತಿಂಗಳ ಮರಿಯೂ ಜನವರಿಯ ಮರಿಯೂ ದಾಖಲೆಯಲ್ಲಿ ಓರಗೆಯವು. ಮೊದಲು ಹುಟ್ಟಿದ್ದು ಹೆಚ್ಚು ಬೆಳೆದಿರುತ್ತದೆ, ಹಾಗಾಗಿ ಎಲ್ಲರಿಗೂ ಜನವರಿಯ ಮರಿಯೇ ಬೇಕು. ಆದರೆ ಹೆಣ್ಣುಕುದುರೆ ಬೆದೆಗೆ ಬರುವುದು ಹಗಲು ಉದ್ದವಾದಾಗ, ಗರ್ಭ ಹನ್ನೊಂದು ತಿಂಗಳು. ಅದಕ್ಕೆ ಡಿಸೆಂಬರ್ ಆರಂಭದಿಂದಲೇ ಲಾಯದಲ್ಲಿ ದೀಪ ಉರಿಸಿ, ದಿನಕ್ಕೆ 16 ಗಂಟೆ ಬೆಳಕು ತೋರಿಸಿ, ಕುದುರೆಗೆ ವಸಂತ ಬಂತೆಂದು ನಂಬಿಸುತ್ತಾರೆ. ಸುಮಾರು ಎರಡು ತಿಂಗಳು ಎಡೆಬಿಡದೆ ನಡೆಯಬೇಕು, ನಡುವೆ ಬಿಟ್ಟರೆ ಪಟ್ಟ ಶ್ರಮ ನೀರುಪಾಲು. ಅವಸರ ಅತಿಯಾಗಿ ಮರಿ ಡಿಸೆಂಬರ್ 31ಕ್ಕೆ ಬಿತ್ತೋ, ಬೆಳಗಾಗುವಷ್ಟರಲ್ಲಿ ಅದಕ್ಕೆ ವರ್ಷ ತುಂಬಿರುತ್ತದೆ. ಹಾಗಾಗಿ ಫೆಬ್ರವರಿ ಮಧ್ಯದವರೆಗೆ ಗಂಡುಕುದುರೆಯ ಬಾಗಿಲಿಗೆ ಬೀಗ.