ಆರಿದ್ರಾ ಮಳೆಯಲ್ಲಿ ಮಾದಕಾಸುರ ವಧೆ

ಮಂಗಳೂರಿನ ಹುಡುಗರನ್ನು ನಶೆಯಿಂದ ದೂರ ಇಡಲು ವಿದೇಶದಿಂದ ಹೊರಟ ದುಡ್ಡು ಮೊದಲು ದಿಲ್ಲಿಯ ಸಂಸದ್ ಮಾರ್ಗಕ್ಕೆ ಹೋಗಿ ಬರಬೇಕು. ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಿದ್ದುಪಡಿ ಆದ ಮೇಲೆ ಸಂಸ್ಥೆಗಳಿಗೆ ಬರುವ ಈ ಹಣ ಇಳಿಯುವುದು ಅಲ್ಲಿನ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಮಾತ್ರ. ಹಡಗೇ ಬಂದು ನಿಲ್ಲುವ ಊರಿಗೆ ಇಷ್ಟು ಸುತ್ತು! ದಿಲ್ಲಿಯ ದೊಡ್ಡ ಸಂಸ್ಥೆ ಪಡೆದು ಊರಿನ ಸಣ್ಣ ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ, ಅದನ್ನೂ ಅದೇ ತಿದ್ದುಪಡಿ ನಿಲ್ಲಿಸಿದೆ. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಕಚೇರಿ ಬಾಡಿಗೆ, ಕರೆಂಟ್ ಬಿಲ್ಲು, ಲೆಕ್ಕ ಬರೆಯುವವರ ಸಂಬಳ, ವರದಿಯ ಖರ್ಚು ಎಲ್ಲ ಅದರೊಳಗೇ ಮುಗಿಯಬೇಕು. ಬ್ಯಾನರ್ ಮಾತ್ರ ಶುದ್ಧ ‘ಕಾರ್ಯಕ್ರಮ’, ಈ ಮಿತಿಗೆ ಸೇರದು. ಹಾಗಾಗಿ ಬ್ಯಾನರ್ ವರ್ಷ ವರ್ಷ ಉದ್ದವಾಗುತ್ತದೆ.

ಮಾದಕವಸ್ತು ವಿರೋಧಿ ದಿನ ಜೂನ್ 26. 1987ರಲ್ಲಿ ವಿಶ್ವಸಂಸ್ಥೆ ಇದನ್ನು ಗೊತ್ತು ಮಾಡುವಾಗ ಕರಾವಳಿಯ ಪಂಚಾಂಗ ನೋಡಿರಲಿಲ್ಲ. ಆರಿದ್ರಾ ಮಳೆ! ರೆಡ್ ಅಲರ್ಟ್ ಅಂತ ಡಿಸಿ ರಜೆ ಕೊಟ್ಟರೆ ಜಾಥಾಕ್ಕೆ ಮಕ್ಕಳೇ ಇಲ್ಲ. ಕೊಡದಿದ್ದರೆ ಜ್ಯೋತಿ ವೃತ್ತದಿಂದ ಪುರಭವನದವರೆಗೆ ಕೊಡೆಗಳ ಮೆರವಣಿಗೆ, ಒಂದು ಮುಖವೂ ಫೋಟೋಕ್ಕೆ ಸಿಗದು. ಫ್ಲೆಕ್ಸ್ ನಿಷೇಧ ಇರುವುದರಿಂದ ಬಟ್ಟೆಯ ಬ್ಯಾನರ್. ಪೋಸ್ಟರ್ ಬಣ್ಣದಲ್ಲಿ ಬರೆಸಿದ್ದಾದರೆ ಹಂಪನಕಟ್ಟೆ ಮುಟ್ಟುವಷ್ಟರಲ್ಲಿ ನೀರೆಲ್ಲ ಕೆಳಗಿಳಿದು ಕೆಳಸಾಲು ತೊಳೆದುಹೋಗಿರುತ್ತದೆ. ವಾಡಿಕೆಯಂತೆ ಮೇಲೆ ‘ಡ್ರಗ್ಸ್’, ಕೆಳಗೆ ‘ಬೇಡ’. ದಯವಿಟ್ಟು ‘ಬೇಡ’ವನ್ನು ಮೇಲೆ ಬರೆಸಿ.

ತಲೆಲೆಕ್ಕ ಸುಲಭ. ಎನ್ನೆಸ್ಸೆಸ್ಸಿನ 80 ಮಕ್ಕಳು ಪ್ರತಿಜ್ಞೆಗೆ ಒಂದು ಸಹಿ, ಜಾಥಾಕ್ಕೊಂದು, ಉಪನ್ಯಾಸಕ್ಕೊಂದು ಹಾಕಿದರೆ ಫಲಾನುಭವಿಗಳು 240. ಗೋಳಿಬಜೆ ಮಾತ್ರ 80 ಪ್ಲೇಟ್ ಹೇಳಿ. ಅಡುಗೆಯವರ ಬಿಲ್ಲು ಮತ್ತು ಹಾಜರಿ ಪಟ್ಟಿ ಒಂದೇ ಫೈಲಿನಲ್ಲಿದ್ದರೆ ಆಡಿಟರ್ ಕೇಳಿಯೇ ಕೇಳುತ್ತಾರೆ. ಉಪನ್ಯಾಸದ ಮೊದಲು ಒಂದು ಚೀಟಿ, ‘ಡ್ರಗ್ಸ್ ಕೆಟ್ಟದ್ದೇ?’ ಮುಗಿದ ಮೇಲೆ ಮತ್ತೆ ಅದೇ ಚೀಟಿ. ಇದಕ್ಕೆ ಪರಿಣಾಮ ಮಾಪನ ಎಂದು ಹೆಸರು.

ಮಧ್ಯಾಹ್ನ ಯಕ್ಷಗಾನ. ಮಾದಕಾಸುರನಿಗೆ ಬಣ್ಣದ ವೇಷ, ತೆರೆ ಒಡ್ಡೋಲಗ, ಅಬ್ಬರದ ಚೆಂಡೆ. ಅವನನ್ನು ಕೊಲ್ಲುವ ‘ಆರೋಗ್ಯ ಕುಮಾರ’ ಬರುವುದು ಕೊನೆಯ ಹತ್ತು ನಿಮಿಷ, ಅದೂ ಸಪ್ಪೆ ಕುಣಿತ. ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಯಾರ ಆರ್ಭಟೆ ಅನುಕರಿಸುತ್ತಾರೆ ಎಂದು ಕರಾವಳಿಯವರಿಗೆ ಹೇಳಬೇಕೆ?

ತಮಾಷೆ ಎಂದರೆ ಇದನ್ನೇ ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ 2013ರಲ್ಲೇ ಬರೆದಿಟ್ಟಿದೆ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಮತ್ತೊಮ್ಮೆ: ಹೆದರಿಸುವುದು, ಬರೀ ಭಾಷಣ, ಚಟ ಬಿಟ್ಟವರನ್ನು ವೇದಿಕೆ ಹತ್ತಿಸಿ ಅನುಭವ ಹೇಳಿಸುವುದು, ಇವು ನಶೆಯನ್ನು ತಡೆಯುವುದಿಲ್ಲ. ಕೆಲಸ ಮಾಡುವುದು ತರಬೇತಾದವರು ನಡೆಸುವ 10–15 ತರಗತಿಗಳು. ಗೆಳೆಯ ಸಿಗರೇಟು ಚಾಚಿದಾಗ ಗೆಳೆತನ ಕೆಡಿಸಿಕೊಳ್ಳದೆ ಬೇಡ ಎನ್ನುವುದು ಹೇಗೆ ಎಂದು ಮಕ್ಕಳೇ ಆಡಿ, ಮಾತಾಡಿ, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಮುಂದಿನ ವರ್ಷ ಇನ್ನೊಂದೆರಡು ತರಗತಿ, ಮರೆಯದ ಹಾಗೆ. ಇದರಲ್ಲಿ ಬ್ಯಾನರ್ ಇಲ್ಲ, ಅತಿಥಿಗಳಿಲ್ಲ, ಶಾಲು ಹೊದೆಸುವ ಸಂದರ್ಭವೇ ಇಲ್ಲ. ಹದಿನೈದೂ ವಾರ ಫೋಟೋದಲ್ಲಿ ಅದೇ ಮಕ್ಕಳು, ಅದೇ ಬೆಂಚು. ಡಿಸೆಂಬರ್ 31ರೊಳಗೆ ವಿದೇಶಿ ಹಣದ ವಾರ್ಷಿಕ ಲೆಕ್ಕದ ಫಾರಂ ಎಫ್‌ಸಿ-4 ತುಂಬಿ ಕಳಿಸುವವರಿಗೆ ಇದಕ್ಕಿಂತ ಬೇಸರ ಇನ್ನೇನಿದೆ?

ಆದರೂ ಯಾರಾದರೂ ಹಟ ಹಿಡಿದು ಪಿಯು ಕಾಲೇಜಿನಲ್ಲಿ 15 ಪೀರಿಯಡ್ ಕೇಳಿ ನೋಡಲಿ. ಪ್ರಿನ್ಸಿಪಾಲರು ಟೈಮ್‌ಟೇಬಲ್ ಬಿಡಿಸಿ, ಕನ್ನಡಕ ಸರಿ ಮಾಡಿಕೊಂಡು ಹೇಳುತ್ತಾರೆ: “ಒಂದು ದಿನದ್ದಾದರೆ ಈಗಲೇ ಮಾಡುವ. ಹದಿನೈದು ಅಂದ್ರೆ... ಸಿಇಟಿ ಒಂದು ಮುಗೀಲಿ ಮಾರಾಯ್ರೇ, ಆಮೇಲೆ ನೋಡುವ.”