ಬರ್ತೀನಿ ಅಂದವರು ಬನ್ನಿ, ಇಲ್ಲಾಂದ್ರೆ ಬರಲ್ಲ ಅನ್ನಿ

ಇವತ್ತು ಸ್ವಲ್ಪ ಜೋರಾಗಿಯೇ ಬರೆಯುತ್ತಿದ್ದೇನೆ. ಬೇಜಾರಾಗುವವರು ಈಗಲೇ ಮುಂದಿನ ಪೋಸ್ಟಿಗೆ ಹೋಗಿಬಿಡಿ.

ಪರೀಕ್ಷೆ ಬಂತೆಂದರೆ ನಾನು ಸ್ಕ್ರೈಬ್ ಹುಡುಕಿಕೊಂಡು ನಿಮ್ಮ ಇನ್‌ಬಾಕ್ಸಿಗೆ ಬಂದು ತಲೆ ತಿನ್ನುತ್ತೇನೆ ಅಂತ ನಿಮಗೆಲ್ಲ ಗೊತ್ತು. ಗೊತ್ತಿಲ್ಲದ ಹೊಸಬರಿಗೆ ಎರಡೇ ಮಾತು: ಕಣ್ಣು ಕಾಣದ ವಿದ್ಯಾರ್ಥಿ ಉತ್ತರ ಹೇಳುತ್ತಾರೆ, ಪಕ್ಕದಲ್ಲಿ ಕೂತವರು ಬರೆಯುತ್ತಾರೆ. ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಓದುವಂಥ ಅಕ್ಷರ ಇರಬೇಕು, ನಾಲ್ಕು ಗಂಟೆ ಕೂರುವ ತಾಳ್ಮೆ ಇರಬೇಕು, ಹೇಳಿದ ಹೊತ್ತಿಗೆ ಬರಬೇಕು. ಮೊದಲ ಎರಡು ಎಲ್ಲರಲ್ಲೂ ಇರುತ್ತದೆ. ನನ್ನ ಗಲಾಟೆ ಮೂರನೆಯದರ ಬಗ್ಗೆ.

ಇವತ್ತು ಬೆಳಗ್ಗೆ ನಮ್ಮ ಒಬ್ಬ ವಿದ್ಯಾರ್ಥಿನಿಗೆ ಇತಿಹಾಸದ ಪರೀಕ್ಷೆ ಇತ್ತು. ಬರೆಯಲು ಒಪ್ಪಿಕೊಂಡಿದ್ದವರ ಫೋನ್ ಸ್ವಿಚ್ ಆಫ್. ನಿನ್ನೆ ರಾತ್ರಿ ತಾನೇ ‘ಖಂಡಿತ ಬರ್ತೀನಿ ಅಕ್ಕಾ, ಇಂಥ ಸೇವೆ ಸಿಗೋದೇ ನನ್ನ ಭಾಗ್ಯ’ ಅಂತ ಮೆಸೇಜ್ ಹಾಕಿದ್ದರು. ಆ ಭಾಗ್ಯದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿಯಾಗಿತ್ತು.

ಸ್ಕ್ರೈಬ್ ಬರದಿದ್ದರೆ ದಾರಿಯಲ್ಲಿ ಸಿಕ್ಕವರನ್ನು ಕೂರಿಸಲು ಆಗುವುದಿಲ್ಲ. ಬಹಳ ಕಡೆ ಬರೆಯುವವರ ಹೆಸರು, ಫೋಟೋ, ಗುರುತಿನ ಚೀಟಿ ಎಲ್ಲ ಮೊದಲೇ ಕೊಟ್ಟಿರಬೇಕು. ಅದೇ ವಿಷಯ ಓದಿದವರು ಆಗಬಾರದು, ಪರೀಕ್ಷೆ ಬರೆಯುವವರಿಗಿಂತ ಕೆಳಗಿನ ತರಗತಿಯವರಾಗಿರಬೇಕು ಅಂತೆಲ್ಲ ನಿಯಮ ಇರುತ್ತದೆ. ಕೊನೆಗೆ ಲೈಬ್ರರಿಯಲ್ಲಿ ಕೂತಿದ್ದ ಒಬ್ಬ ಹುಡುಗನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದೆವು. ಅರ್ಜಿ ಬರೆದು, ಸಹಿ ಹಾಕಿಸಿ, ಮೇಲಿನವರ ಕೈಕಾಲು ಹಿಡಿದು, ಅವಳು ಮೊದಲ ಪ್ರಶ್ನೆ ಕೇಳಿಸಿಕೊಳ್ಳುವ ಹೊತ್ತಿಗೆ ಅರ್ಧ ಗಂಟೆ ಹೋಗಿತ್ತು. ‘ಅವರಿಗೆ ಹೆಚ್ಚುವರಿ ಸಮಯ ಕೊಡ್ತಾರಲ್ವಾ’ ಅಂತ ಕೇಳಬೇಡಿ. ಆ ಸಮಯ ಇರುವುದು ಪ್ರಶ್ನೆಯನ್ನು ಎರಡು ಸಲ ಓದಿಸಿಕೊಳ್ಳಲು, ಬರೆದದ್ದನ್ನು ಮತ್ತೆ ಓದಿಸಿ ಕೇಳಲು, ಕಷ್ಟದ ಹೆಸರುಗಳ ಒಂದೊಂದೇ ಅಕ್ಷರ ಬಿಡಿಸಿ ಹೇಳಲು. ನಿಮ್ಮ ಫೋನ್ ಸ್ವಿಚ್ ಆಫ್ ಆಗಿದ್ದಕ್ಕೆ ಪರಿಹಾರವಾಗಿ ಅದನ್ನು ಕೊಡುವುದಿಲ್ಲ.

ಇಷ್ಟಾದರೂ ನಾನು ಪೋಸ್ಟ್ ಬರೆಯುತ್ತಿರಲಿಲ್ಲ. ಇಂಥದ್ದು ಮೊದಲೂ ಆಗಿದೆ, ಬೈದುಕೊಂಡು ಸುಮ್ಮನಾಗಿದ್ದೇನೆ. ಸಂಜೆ ಆ ಹುಡುಗಿ ಫೋನ್ ಮಾಡಿದಳು. ನಾನು ಕೂಗಾಡುವುದನ್ನೆಲ್ಲ ಕೇಳಿಸಿಕೊಂಡು ಕೊನೆಗೆ, ‘ಹೋಗ್ಲಿ ಬಿಡಿ ಅಕ್ಕಾ, ಅವರೇನು ಸಂಬಳಕ್ಕೆ ಬರ್ತಾರಾ?’ ಅಂದಳು.

ನನಗೆ ಮೈ ಉರಿದದ್ದು ಆಗ.

ನೋಡಿ, ಪರೀಕ್ಷೆ ಅವಳದು. ಅರ್ಧ ಗಂಟೆ ಹೋದದ್ದು ಅವಳದು. ಅಂಕ ಕಡಿಮೆ ಬಂದರೆ ಅದೂ ಅವಳದೇ. ಆದರೂ ಕೈಕೊಟ್ಟವರ ಪರವಾಗಿ ವಾದ ಮಾಡುತ್ತಿರುವವಳೂ ಅವಳೇ. ಯಾಕೆಂದರೆ ಸಹಾಯ ಪಡೆಯುವವರು ದೂರು ಹೇಳಬಾರದು ಅಂತ ಚಿಕ್ಕಂದಿನಿಂದ ಕಲಿತಿದ್ದಾಳೆ. ಬಾಯಿಬಿಟ್ಟರೆ ‘ಫ್ರೀಯಾಗಿ ಮಾಡಿದ್ರೂ ಕೊಬ್ಬು ನೋಡು’ ಅನ್ನುತ್ತಾರೆ, ಮುಂದಿನ ಸಲ ಯಾರೂ ಬರುವುದಿಲ್ಲ. ದುಡ್ಡು ಕೊಟ್ಟು ಕರೆದವರು ಬರದಿದ್ದರೆ ನಾವು ಜಗಳ ಆಡುತ್ತೇವೆ, ದುಡ್ಡು ವಾಪಸ್ ಕೇಳುತ್ತೇವೆ, ನಾಲ್ಕು ಜನಕ್ಕೆ ಹೇಳುತ್ತೇವೆ. ದುಡ್ಡಿಲ್ಲದೆ ಬರ್ತೀನಿ ಅಂದವರು ಬರದಿದ್ದರೆ? ‘ಪಾಪ, ಏನೋ ಕೆಲಸ ಇತ್ತೇನೋ’ ಅನ್ನಬೇಕು. ಅಂದರೆ ನಮ್ಮ ಸ್ವಯಂಸೇವಕರು ಬಿಟ್ಟಿಯಾಗಿ ಸಮಯ ಕೊಡುವುದರ ಜೊತೆಗೆ, ಎದುರಿನವರ ಬಾಯಿಯನ್ನೂ ಬಿಟ್ಟಿಯಾಗಿ ಮುಚ್ಚಿಸುತ್ತಿದ್ದಾರೆ. ಇದನ್ನು ಯಾವ ಭಾಷಣದಲ್ಲೂ ಹೇಳುವುದಿಲ್ಲ.

ಭಾಷಣಕ್ಕೇನೂ ಕಡಿಮೆ ಇಲ್ಲ ಬಿಡಿ. ಡಿಸೆಂಬರ್ 5 ಅಂತಾರಾಷ್ಟ್ರೀಯ ಸ್ವಯಂಸೇವಕರ ದಿನ, 1985ರಲ್ಲೇ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಸಾಲದ್ದಕ್ಕೆ 2026ನ್ನು ಇಡೀ ವರ್ಷವೇ ಸ್ವಯಂಸೇವಕರ ವರ್ಷ ಅಂತ ಘೋಷಿಸಿದ್ದಾರೆ. ಮೊದಲು 2001ರಲ್ಲೂ ಹೀಗೇ ಒಂದು ವರ್ಷ ಮಾಡಿದ್ದರು. ಡಿಸೆಂಬರ್ 5ಕ್ಕೆ ನಮ್ಮ ವಾಟ್ಸಾಪ್ ಗ್ರೂಪು ಹೇಗಿರುತ್ತದೆ ಅಂತೀರಿ! ಸೂರ್ಯೋದಯದ ಚಿತ್ರ, ಕೈ ಹಿಡಿದ ಕೈ, ಕೆಳಗೆ ಯಾರು ಹೇಳಿದ್ದು ಅಂತ ಯಾರಿಗೂ ಗೊತ್ತಿಲ್ಲದ ಒಂದು ಸುಭಾಷಿತ. ಅದೇ ಗ್ರೂಪಿನಲ್ಲಿ ‘ನಾಳೆ ಬೆಳಗ್ಗೆ ಒಂಬತ್ತಕ್ಕೆ ಯಾರು ಬರ್ತೀರಿ’ ಅಂತ ಹಾಕಿ ನೋಡಿ. ನೀಲಿ ಟಿಕ್ ಬೀಳುತ್ತದೆ, ಅಷ್ಟೇ.

ಕೆಲವರು ಹೇಳುತ್ತಾರೆ, ಇದ್ದಷ್ಟು ಬರಲಿ ಬಿಡಿ, ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ವಾ ಅಂತ. ಅಲ್ಲ. ಸ್ಕ್ರೈಬ್ ವಿಷಯದಲ್ಲಿ ಖಂಡಿತ ಅಲ್ಲ. ನೀವು ಮೊದಲೇ ಆಗಲ್ಲ ಅಂದಿದ್ದರೆ ನಾನು ಇನ್ನೊಬ್ಬರನ್ನು ಹುಡುಕಿರುತ್ತಿದ್ದೆ. ನೀವು ಹೂಂ ಅಂದ ಕ್ಷಣ ನಾನು ಹುಡುಕುವುದನ್ನು ನಿಲ್ಲಿಸಿದೆ. ಆ ಜಾಗಕ್ಕೆ ಇನ್ನೊಬ್ಬರು ಬರದ ಹಾಗೆ ಮಾಡಿದ್ದು ನಿಮ್ಮ ಹೂಂ. ಬರದೇ ಇರುವವರ ಹೂಂಗಿಂತ ಬರಲಾರೆ ಅನ್ನುವವರ ಇಲ್ಲ ದೊಡ್ಡ ಸೇವೆ. ನಮ್ಮ ಗ್ರೂಪಿನಲ್ಲಿ ಒಬ್ಬರಿದ್ದಾರೆ, ಕೇಳಿದಾಗಲೆಲ್ಲ ಐದು ನಿಮಿಷದಲ್ಲಿ ‘ಆಗಲ್ಲ ಮೇಡಂ’ ಅಂತ ಉತ್ತರ ಕೊಡುತ್ತಾರೆ. ವರ್ಷಕ್ಕೆ ಒಂದೋ ಎರಡೋ ಸಲ ‘ಆಗುತ್ತೆ’ ಅನ್ನುತ್ತಾರೆ. ಆ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ಅವರ ಫೋಟೋ ಎಲ್ಲೂ ಬಂದಿಲ್ಲ.

ಇನ್ನು ಕೆಲವರದು ಬೇರೆ ರಾಗ. ಸಂಬಳ ಇಲ್ಲದ ಕೆಲಸಕ್ಕೆ ಇಷ್ಟೆಲ್ಲ ಶಿಸ್ತು ಮಾಡಿದರೆ ಯಾರೂ ಬರುವುದೇ ಇಲ್ಲ ಅಂತ. ಇದನ್ನು ನನಗೆ ತುಂಬ ಓದಿದವರೇ ಹೇಳಿದ್ದಾರೆ. ಸರಿ, ಚಿಲಿ ದೇಶ ನೋಡಿ. ಅಲ್ಲಿ ಊರುಗಳಲ್ಲಿ ಬೆಂಕಿ ಆರಿಸುವವರು ಬಹುತೇಕ ಎಲ್ಲರೂ ಸ್ವಯಂಸೇವಕರು. 1851ರಲ್ಲಿ ವಾಲ್ಪರಾಯ್ಸೊ ಅನ್ನುವ ಬಂದರು ಪಟ್ಟಣದಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ. ಸಂಬಳ ಇಲ್ಲ, ಮೇಲೆ ತಾವೇ ತಮ್ಮ ದಳಕ್ಕೆ ಚಂದಾ ಕಟ್ಟುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ‘ಇವತ್ತು ಕಸಿನ್ ಬಂದಿದ್ದಾರೆ’ ಅಂತ ಅವರು ಹೇಳುತ್ತಾರಾ? (ಹೌದು, ಮಧ್ಯಾಹ್ನ ಎರಡಕ್ಕೆ ನನಗೆ ಬಂದ ಉತ್ತರ ಅದೇ. ಕಸಿನ್ ಬಂದಿದ್ದರಂತೆ.)

ಬ್ರಿಟನ್ ಮತ್ತು ಐರ್ಲೆಂಡಿನ ಸಮುದ್ರದಲ್ಲಿ ಮುಳುಗುವವರನ್ನು ಕಾಪಾಡುವ ದೋಣಿಗಳದ್ದೂ ಇದೇ ಕಥೆ. 1824ರಲ್ಲಿ ಹುಟ್ಟಿದ ಸಂಸ್ಥೆ. ದೋಣಿಯಲ್ಲಿ ಹೋಗುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಕರೆ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. 1981ರ ಡಿಸೆಂಬರ್ 19ರ ರಾತ್ರಿ ಭಯಂಕರ ಬಿರುಗಾಳಿಯಲ್ಲಿ ಸಿಕ್ಕಿಕೊಂಡ ಒಂದು ಹಡಗಿನಲ್ಲಿದ್ದ ಎಂಟು ಜನರನ್ನು ಉಳಿಸಲು ಮೌಸಲ್ ಅನ್ನುವ ಪುಟ್ಟ ಹಳ್ಳಿಯ ಎಂಟು ಜನ ಹೋದರು. ಹದಿನಾರು ಜನರೂ ಸತ್ತರು. ಒಂದು ದಿನದೊಳಗೆ ಅದೇ ಹಳ್ಳಿಯಲ್ಲಿ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಹೆಸರು ಕೊಟ್ಟಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಆಮೇಲೆ ನಮ್ಮ ಗ್ರೂಪು ನೆನಪಾಗಿ ಸಿಟ್ಟು ಬರುತ್ತದೆ.

‘ಅವೆಲ್ಲ ಪ್ರಾಣದ ಪ್ರಶ್ನೆ, ಇದು ಬರೀ ಪರೀಕ್ಷೆ’ ಅಂತ ಯಾರೋ ಕಾಮೆಂಟ್ ಟೈಪ್ ಮಾಡುತ್ತಿದ್ದೀರಿ, ನನಗೆ ಗೊತ್ತು. ಒಂದು ವರ್ಷ ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಅಪರಿಚಿತರ ಕೈಬರಹಕ್ಕಾಗಿ ಬಾಗಿಲ ಬಳಿ ಕಾಯುವುದು ಹೇಗಿರುತ್ತದೆ ಅಂತ ಒಂದು ಸಲ ಅಲ್ಲಿ ನಿಂತು ನೋಡಿ.

ಇನ್ನೊಂದು ವಿಷಯ. ಜನ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬರುತ್ತಾರೆ, ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಾರೆ. ಆದರೆ ತಮಗೆ ಮನಸ್ಸು ಕರಗಿದ ದಿನ ಬರುತ್ತಾರೆ. 2001ರ ಸೆಪ್ಟೆಂಬರ್ 11ರ ದಾಳಿ ಆದ ಮೇಲೆ ಅಮೆರಿಕದಲ್ಲಿ ರಕ್ತ ಕೊಡಲು ಜನ ಗಂಟೆಗಟ್ಟಲೆ ಸಾಲು ನಿಂತರು. ಆದರೆ ರಕ್ತ ಬೇಕಾಗುವಷ್ಟು ಗಾಯಾಳುಗಳೇ ಹೆಚ್ಚಿರಲಿಲ್ಲ. ಕೆಂಪು ರಕ್ತಕಣಗಳನ್ನು ತಂಪಿನಲ್ಲಿಟ್ಟರೂ ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್ ಆದರೆ ಐದರಿಂದ ಏಳು ದಿನ. ಹಾಗಾಗಿ ಅವಧಿ ಮುಗಿದ ಬಹಳಷ್ಟು ರಕ್ತವನ್ನು ಬಿಸಾಡಬೇಕಾಯಿತು. ಕೊಟ್ಟವರ ಮನಸ್ಸಿನಲ್ಲಿ ಒಂದಿಷ್ಟೂ ಕಲ್ಮಶ ಇರಲಿಲ್ಲ, ಅದು ನಿಜ. ಆದರೆ ರೋಗಿಗೆ ಬೇಕಾಗಿರುವುದು ನಿಮ್ಮ ಕಣ್ಣಲ್ಲಿ ನೀರು ಬಂದ ದಿನದ ರಕ್ತ ಅಲ್ಲ. ಯಾವ ಸುದ್ದಿಯೂ ಇಲ್ಲದ ಒಂದು ಮಂಗಳವಾರ, ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ನೀವು ಬಂದು ಮಲಗಿ ಕೊಟ್ಟದ್ದು. ಐದು ದಿನ ಉಳಿಯುವ ವಸ್ತುವಿಗೆ ವರ್ಷಕ್ಕೊಮ್ಮೆ ಉಕ್ಕುವ ಉತ್ಸಾಹ ತಗೊಂಡು ಏನು ಮಾಡುವುದು?

ಸರ್ಟಿಫಿಕೇಟ್ ಕೇಳುವವರನ್ನು ಎಲ್ಲರೂ ಹಂಗಿಸುತ್ತಾರೆ. ನಾನು ಹಂಗಿಸುವುದಿಲ್ಲ. ಶಾಲೆ ಕಾಲೇಜಿನವರು ಕಡ್ಡಾಯ ಮಾಡಿ ಕಳಿಸಿದ ಕೆಲಸವನ್ನು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸ್ವಯಂಸೇವೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಸರಿ. ಆದರೆ ನನ್ನ ಅನುಭವದಲ್ಲಿ ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಂದು ನಿಲ್ಲುವವರು ಈ ಸರ್ಟಿಫಿಕೇಟ್ ಮಕ್ಕಳೇ. ಅವರಿಗೆ ಸಹಿ ಬೇಕು, ನನಗೆ ಅವರು ಬರಬೇಕು. ವ್ಯವಹಾರ ಚೊಕ್ಕ. ಕೈಕೊಡುವವರು ಯಾವಾಗಲೂ ‘ನನಗೇನೂ ಬೇಡ ಅಕ್ಕಾ, ಆತ್ಮತೃಪ್ತಿ ಸಾಕು’ ಅನ್ನುವವರು. ಆತ್ಮತೃಪ್ತಿ ಹೂಂ ಅಂದ ರಾತ್ರಿಯೇ ಸಿಕ್ಕಿಬಿಟ್ಟಿರುತ್ತದೆ. ಬೆಳಗ್ಗೆ ಎದ್ದು ಬರಲು ಇನ್ನೇನು ಉಳಿದಿರುತ್ತದೆ ಹೇಳಿ.

ನನ್ನದೂ ಹೇಳಿಬಿಡುತ್ತೇನೆ. ನಾನು ಇದನ್ನು ಮಾಡುವುದು ಸಮಾಜದ ಮೇಲಿನ ಪ್ರೀತಿಯಿಂದ ಅಲ್ಲ. ಅಪ್ಪ ಹೋದ ಮೇಲೆ ‘ಎಲ್ಲಿದ್ದೀಯಾ, ಎಷ್ಟು ಹೊತ್ತಿಗೆ ಬರ್ತೀಯಾ’ ಅಂತ ನನಗೆ ಫೋನ್ ಮಾಡುವವರು ಯಾರೂ ಇರಲಿಲ್ಲ. ಈಗ ಪರೀಕ್ಷೆಯ ದಿನ ಬೆಳಗ್ಗೆ ಏಳಕ್ಕೇ ಫೋನ್ ಶುರುವಾಗುತ್ತದೆ. ಯಾರೋ ನನ್ನನ್ನು ಕಾಯುತ್ತಾರೆ ಅನ್ನುವುದೇ ನನಗೆ ಖುಷಿ. ಇದು ಸ್ವಾರ್ಥ, ಒಪ್ಪುತ್ತೇನೆ. ಹಾಗಾಗಿ ನನ್ನನ್ನು ತ್ಯಾಗಮಯಿ ಅಂತೆಲ್ಲ ಬರೆಯಬೇಡಿ, ಇರಿಸುಮುರಿಸಾಗುತ್ತದೆ. ನಾವೆಲ್ಲ ಇದರಿಂದ ಏನೋ ಒಂದು ತಗೊಳ್ಳುತ್ತೇವೆ. ಕೆಲವರು ಹೆಸರು, ಕೆಲವರು ಪುಣ್ಯ, ಕೆಲವರು ಹೊತ್ತು ಹೋಗುವುದು. ಸಂಬಳ ಇಲ್ಲ ಅನ್ನುವುದು ಅರ್ಧ ಸುಳ್ಳು. ಸಂದಾಯ ಆಗಿದೆ, ಕೆಲಸ ಮಾಡಿಕೊಡಿ.

ಒಂದು ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಗೆಳೆಯರೊಬ್ಬರು ಕೇಳಿದರು, ಇದನ್ನೆಲ್ಲ ಪರೀಕ್ಷೆ ನಡೆಸುವವರೇ ಸಂಬಳ ಕೊಟ್ಟು ಮಾಡಿಸಬೇಕು, ನೀವು ಬಿಟ್ಟಿ ಮಾಡುವುದರಿಂದಲೇ ಅವರು ಆರಾಮಾಗಿದ್ದಾರೆ ಅಂತ. ನಿಜ ಇರಬಹುದು. ಕಂಪ್ಯೂಟರಿನಲ್ಲಿ ಬರೆಯಲು ಬಿಟ್ಟರೆ ಎಷ್ಟೋ ವಿದ್ಯಾರ್ಥಿಗಳಿಗೆ ಸ್ಕ್ರೈಬೇ ಬೇಡ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಇದೆ, ಪೂರ್ತಿ ಉಚಿತ. 2006ರಲ್ಲಿ ಅದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್. ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಎಷ್ಟೋ ಭಾಷೆಗಳಿಗೆ ಅದನ್ನು ತಂದವರು ಸ್ವಯಂಸೇವಕರು. ಈ ಹುಡುಗಿ ಮನೆಯಲ್ಲಿ ಅದರಲ್ಲೇ ಓದುವುದು. ‘ಅದಕ್ಕೆ ಕಸಿನ್ ಇಲ್ಲ ಅಕ್ಕಾ’ ಅಂತ ನಕ್ಕಳು. ಎಲ್ಲ ಪರೀಕ್ಷೆಗೂ ಅದಕ್ಕೆ ಅವಕಾಶ ಸಿಗಲಿ, ನನ್ನ ಈ ಕೆಲಸವೇ ಇಲ್ಲದಂತಾಗಲಿ. ಅದಕ್ಕೂ ಅರ್ಜಿ ಬರೆಯುತ್ತಲೇ ಇದ್ದೇವೆ. ಆದರೆ ಅವಳ ಮುಂದಿನ ಪರೀಕ್ಷೆ ಗುರುವಾರ. ವ್ಯವಸ್ಥೆ ಗುರುವಾರದೊಳಗೆ ಬದಲಾಗುವುದಿಲ್ಲ.

ಹಾಗಾಗಿ ಈಗ ಕೆಲಸದ ಮಾತು. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಒಬ್ಬರು ಬೇಕು, ಜೊತೆಗೆ ಅಲ್ಲೇ ಕೂತಿರಲು ಇನ್ನೊಬ್ಬರು. ಎರಡನೆಯವರಿಗೆ ಬಹುಶಃ ಏನೂ ಕೆಲಸ ಇರುವುದಿಲ್ಲ, ಸುಮ್ನೆ ನಾಲ್ಕು ಗಂಟೆ ಬೆಂಚಿನ ಮೇಲೆ ಕೂರಬೇಕು. ನಿಮ್ಮ ಫೋಟೋ ತೆಗೆದು ಎಲ್ಲೂ ಹಾಕುವುದಿಲ್ಲ. ಅರ್ಥಶಾಸ್ತ್ರ ಓದಿದವರು ಬೇಡ. ಬರುವುದಾದರೆ ಗುರುತಿನ ಚೀಟಿಯ ಪ್ರತಿ, ಎರಡು ಫೋಟೋ ಇವತ್ತೇ ಕಳಿಸಿ. ಆಗದಿದ್ದರೆ ‘ಆಗಲ್ಲ’ ಅಂತ ಒಂದೇ ಪದ ಹಾಕಿ, ಕಾರಣ ಬೇಡ, ನಾನೇನೂ ಅಂದುಕೊಳ್ಳುವುದಿಲ್ಲ.

ಕಾಮೆಂಟಿನಲ್ಲಿ ಯಾರೂ ‘ನಿಮ್ಮ ಸೇವೆಗೆ ನಮನ’ ಅಂತ ಹಾಕಬೇಡಿ. ಹಾಕಿದವರ ಹೆಸರನ್ನು ಬೆಂಚಿನ ಪಟ್ಟಿಗೆ ಸೇರಿಸುತ್ತೇನೆ.